ಕೆನ್ನೆಯೊಳಗಿನ ಗಂಟು: ‘ಸಾದಾ ಗಡ್ಡೆ’ ಎಂದು ಹೇಳುವ ಮುನ್ನ

ಕೆನ್ನೆಯ ಒಳಗೆ ಒಂದು ಗಂಟು. ನೋವಿಲ್ಲ, ಹುಣ್ಣಿಲ್ಲ, ರಕ್ತ ಬರುವುದಿಲ್ಲ. ಊಟ ಮಾಡುವಾಗ ಹಲ್ಲಿಗೆ ಸಿಕ್ಕಿಯೋ, ನಾಲಿಗೆ ತಾಗಿಯೋ ಅದು ಇರುವುದು ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಎರಡು ಬಗೆಯ ಪ್ರತಿಕ್ರಿಯೆ ಸಾಮಾನ್ಯ. ‘ನೋವಿಲ್ಲವಲ್ಲ, ಇರಲಿ ಬಿಡು’ ಎಂದು ವರ್ಷಗಟ್ಟಲೆ ಬಿಟ್ಟುಬಿಡುವುದು ಒಂದು. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದವರಾದರೆ ‘ಕ್ಯಾನ್ಸರೇ ಇರಬೇಕು’ ಎಂದು ಪರೀಕ್ಷೆಗೆ ಮೊದಲೇ ಎದೆಗುಂದುವುದು ಇನ್ನೊಂದು. ವೈದ್ಯರಲ್ಲೂ ಈ ಎರಡು ಒಲವುಗಳು ಇಲ್ಲವೆನ್ನುವಂತಿಲ್ಲ. ಕೊಬ್ಬಿನ ಗಂಟೆಂದು ತಿಳಿದು ಕ್ಲಿನಿಕ್ಕಿನಲ್ಲೇ ಕೊಯ್ದು ತೆಗೆದು, ತೆಗೆದದ್ದನ್ನು ಪರೀಕ್ಷೆಗೂ ಕಳಿಸದ ಪ್ರಸಂಗಗಳು ದಂತವೈದ್ಯಕೀಯ ವಲಯದಲ್ಲಿ ಕೇಳಿಬರುತ್ತವೆ.

ಈ ಎರಡು ಅತಿಗಳ ನಡುವೆ ನಿಂತಿರುವುದು ಕೆನ್ನೆಯ ಕಿರು ಜೊಲ್ಲುಗ್ರಂಥಿಗಳ ಸೌಮ್ಯ ಗಡ್ಡೆ. ಅದು ಅಪರೂಪದ್ದು. ಗುಣವಾಗುವಂಥದ್ದು. ಆದರೆ ಅದನ್ನು ಗುರುತಿಸುವುದು ಕಾಣುವಷ್ಟು ಸುಲಭವಲ್ಲ. ಅದರ ರೋಗನಿರ್ಣಯದ ಬಗ್ಗೆ ವೈದ್ಯವಿಜ್ಞಾನ ಇಲ್ಲಿಯವರೆಗೆ ಏನು ಕಂಡುಕೊಂಡಿದೆ, ಯಾವ ಪರೀಕ್ಷೆ ಎಷ್ಟು ಹೇಳುತ್ತದೆ, ಯಾವುದು ಎಲ್ಲಿ ಎಡವುತ್ತದೆ ಎಂಬುದರ ಸಮೀಕ್ಷೆ ಈ ಲೇಖನ.

ಕೆನ್ನೆಯಲ್ಲಿ ಏನೇನಿದೆ?

ಜೊಲ್ಲುಗ್ರಂಥಿ ಎಂದ ಕೂಡಲೇ ನೆನಪಾಗುವುದು ಕಿವಿಯ ಕೆಳಗಿನ ಪರೋಟಿಡ್ ಗ್ರಂಥಿ. ಮಂಗನಬಾವಿನಲ್ಲಿ ಊದಿಕೊಳ್ಳುವುದು ಅದೇ. ಪರೋಟಿಡ್, ದವಡೆಯಡಿಯ ಗ್ರಂಥಿ, ನಾಲಿಗೆಯಡಿಯ ಗ್ರಂಥಿ, ಹೀಗೆ ದೊಡ್ಡ ಗ್ರಂಥಿಗಳು ಮೂರು ಜೊತೆ. ಇವಲ್ಲದೆ ತುಟಿ, ಅಂಗುಳ, ನಾಲಿಗೆ, ಕೆನ್ನೆಗಳ ಒಳಪದರದ ಕೆಳಗೆ ಸಾಸಿವೆ ಕಾಳಿನಷ್ಟೇ ಗಾತ್ರದ 600ರಿಂದ 1000 ಕಿರು ಗ್ರಂಥಿಗಳು ಹರಡಿಕೊಂಡಿವೆ. ಬಾಯಿಯನ್ನು ಸದಾ ಒದ್ದೆಯಾಗಿಡುವ ಕೆಲಸದಲ್ಲಿ ಇವುಗಳ ಪಾಲು ದೊಡ್ಡದು.

ಕೆನ್ನೆಯ ಗೋಡೆಯಲ್ಲಿ ಇಷ್ಟೇ ಇಲ್ಲ. ಒಳಗಿನಿಂದ ಹೊರಕ್ಕೆ ಬಂದರೆ ಮೊದಲು ಲೋಳೆಪೊರೆ, ಅದರಡಿ ಕಿರು ಗ್ರಂಥಿಗಳು, ಆಮೇಲೆ ಬಕ್ಸಿನೇಟರ್ ಸ್ನಾಯು, ಅದರಾಚೆ ಕೊಬ್ಬಿನ ಮೆತ್ತೆ, ಮುಖದ ನರದ ಎಳೆಗಳು, ರಕ್ತನಾಳಗಳು, ಕೊನೆಗೆ ಚರ್ಮ. ಪರೋಟಿಡ್ ಗ್ರಂಥಿಯಿಂದ ಹೊರಟ ಸ್ಟೆನ್ಸನ್ ನಾಳ ಕೆನ್ನೆಯನ್ನು ಹಾದು ಮೇಲಿನ ಎರಡನೇ ದವಡೆಹಲ್ಲಿನ ಎದುರು ಬಾಯಿಗೆ ತೆರೆದುಕೊಳ್ಳುತ್ತದೆ. ಸುಮಾರು ಐವರಲ್ಲಿ ಒಬ್ಬರಿಗೆ ಆ ನಾಳದ ದಾರಿಯಲ್ಲಿ, ಅಗಿಯುವ ಸ್ನಾಯುವಿನ ಮೇಲೆ, ಪರೋಟಿಡ್‌ನದೇ ಒಂದು ಉಪಗ್ರಂಥಿ ಬೇರೆಯಾಗಿ ಇರುತ್ತದೆ. ಆದ್ದರಿಂದ ಕೆನ್ನೆಯ ನಡುವೆ ಕೈಗೆ ಸಿಗುವ ಜೊಲ್ಲುಗ್ರಂಥಿಯ ಗಡ್ಡೆ ಕಿರು ಗ್ರಂಥಿಯದ್ದೋ ಉಪಗ್ರಂಥಿಯದ್ದೋ ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು. ಬಾಯಿಯೊಳಗಿನಿಂದ ತೆಗೆಯಬಹುದೇ, ಹೊರಗಿನಿಂದ ನರವನ್ನು ಬಿಡಿಸಿಕೊಂಡು ಹೋಗಬೇಕೇ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ.

ಅಪರೂಪದ ಲೆಕ್ಕ

ತಲೆ ಮತ್ತು ಕುತ್ತಿಗೆ ಭಾಗದ ಎಲ್ಲ ಗಡ್ಡೆಗಳಲ್ಲಿ ಜೊಲ್ಲುಗ್ರಂಥಿಗಳದ್ದು ಶೇ 3ರ ಆಸುಪಾಸು. ಅವುಗಳಲ್ಲೂ ಬಹುಪಾಲು ಪರೋಟಿಡ್‌ನಲ್ಲೇ ಹುಟ್ಟುತ್ತವೆ. ಪರೋಟಿಡ್ ಗಡ್ಡೆಗಳಲ್ಲಿ ಸುಮಾರು ಶೇ 80 ಸೌಮ್ಯ. ಗ್ರಂಥಿ ಚಿಕ್ಕದಾದಷ್ಟೂ ಈ ಅನುಪಾತ ಕೆಡುತ್ತಾ ಹೋಗುತ್ತದೆ. ಕಿರು ಗ್ರಂಥಿಗಳಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಸರಿಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚು ಕ್ಯಾನ್ಸರ್ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕಿರು ಗ್ರಂಥಿಯ ಗಡ್ಡೆಗಳಿಗೆ ಅಂಗುಳವೇ ಮುಖ್ಯ ನೆಲೆ. ತುಟಿ, ಕೆನ್ನೆಗಳದ್ದು ನಂತರದ ಸ್ಥಾನ.

ಈ ಲೆಕ್ಕವನ್ನು ವೈದ್ಯರು ಮರೆಯುವಂತಿಲ್ಲ. ಕೆನ್ನೆಯ ಗಂಟುಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ ಹೆಚ್ಚಿನವು ಹಲ್ಲು ಕಚ್ಚಿ ಆದ ನಾರುಗಂಟು, ಕೊಬ್ಬಿನ ಗಂಟು ಅಥವಾ ಜೊಲ್ಲು ಕಟ್ಟಿಕೊಂಡ ಗುಳ್ಳೆ. ಆದರೆ ಗಂಟು ಜೊಲ್ಲುಗ್ರಂಥಿಯದ್ದೇ ಎಂದು ಸುಳಿವು ಸಿಕ್ಕ ಕ್ಷಣದಿಂದ ಅದು ಸೌಮ್ಯವೋ ಮಾರಕವೋ ಎಂಬುದು ಅರ್ಧಕ್ಕರ್ಧದ ಪ್ರಶ್ನೆ. ‘ನೋವಿಲ್ಲ, ನಿಧಾನವಾಗಿ ಬೆಳೆದಿದೆ, ಹಾಗಾಗಿ ಸಾದಾ ಗಡ್ಡೆ’ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ. ಕೆಳದರ್ಜೆಯ ಮ್ಯೂಕೋಎಪಿಡರ್ಮಾಯ್ಡ್ ಕ್ಯಾನ್ಸರ್ ಕೂಡ ನೋವಿಲ್ಲದೆ, ನಿಧಾನವಾಗಿ, ನುಣುಪಾಗಿಯೇ ಬೆಳೆಯಬಲ್ಲದು.

ಸೌಮ್ಯ ಗಡ್ಡೆಗಳ ಕುಟುಂಬ

ಜೊಲ್ಲುಗ್ರಂಥಿಯ ಗಡ್ಡೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲು ವರ್ಗೀಕರಿಸಿದ್ದು 1972ರಲ್ಲಿ. 1991, 2005, 2017ರಲ್ಲಿ ಆ ಪಟ್ಟಿ ಪರಿಷ್ಕಾರಗೊಂಡು, 2022ರಲ್ಲಿ ಐದನೇ ಆವೃತ್ತಿಯ ರೂಪ ಪಡೆಯಿತು. ಇಷ್ಟು ಸಣ್ಣ ಅಂಗಾಂಶದಿಂದ ಇಷ್ಟೊಂದು ಬಗೆಯ ಗಡ್ಡೆಗಳು ಹುಟ್ಟುವುದು ದೇಹದ ಬೇರೆ ಭಾಗಗಳಲ್ಲಿ ವಿರಳ.

ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಪ್ಲಿಯೋಮಾರ್ಫಿಕ್ ಅಡಿನೋಮಾ. ಮೂವತ್ತರಿಂದ ಐವತ್ತರ ವಯಸ್ಸಿನವರಲ್ಲಿ, ಹೆಂಗಸರಲ್ಲಿ ತುಸು ಹೆಚ್ಚು. ಕೆನ್ನೆಯಲ್ಲಿ ಕಾಣುವ ಸೌಮ್ಯ ಜೊಲ್ಲುಗ್ರಂಥಿ ಗಡ್ಡೆಗಳಲ್ಲೂ ಇದರದ್ದೇ ಮುಂದಾಳುತನ. ಕೆನಾಲಿಕ್ಯುಲರ್ ಅಡಿನೋಮಾ ವಯಸ್ಸಾದವರಲ್ಲಿ, ಮುಖ್ಯವಾಗಿ ಮೇಲ್ದುಟಿಯಲ್ಲಿ ಬರುತ್ತದೆ. ಕೆನ್ನೆ ಅದರ ಎರಡನೇ ನೆಲೆ. ಬೇಸಲ್ ಸೆಲ್ ಅಡಿನೋಮಾ, ಮಯೋಎಪಿಥೀಲಿಯೋಮಾ, ಸಿಸ್ಟಡಿನೋಮಾಗಳು ಇನ್ನೂ ವಿರಳ. ಅಮೆರಿಕದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್ 1929ರಲ್ಲಿ ವಿವರಿಸಿದ ವಾರ್ಥಿನ್ ಗಡ್ಡೆಗೆ ಧೂಮಪಾನದ ನಂಟು ಸ್ಪಷ್ಟವಾಗಿದೆ. ಆದರೆ ಅದು ಬಹುತೇಕ ಪರೋಟಿಡ್‌ಗೆ ಸೀಮಿತ.

ಕಾರಣದ ವಿಷಯ ಬಂದರೆ, ವಿಕಿರಣಕ್ಕೆ ಒಡ್ಡಿಕೊಂಡವರಲ್ಲಿ ಜೊಲ್ಲುಗ್ರಂಥಿಯ ಗಡ್ಡೆಗಳು ಹೆಚ್ಚು ಎಂಬುದು ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರ ಅಧ್ಯಯನದಿಂದ ತಿಳಿದಿದೆ. ಪ್ಲಿಯೋಮಾರ್ಫಿಕ್ ಅಡಿನೋಮಾದ ಬಹುಪಾಲು ಗಡ್ಡೆಗಳಲ್ಲಿ ಪಿಎಲ್‌ಎಜಿ1 ಅಥವಾ ಎಚ್‌ಎಂಜಿಎ2 ಎಂಬ ಜೀನುಗಳು ಸ್ಥಾನಪಲ್ಲಟಗೊಂಡಿರುತ್ತವೆ. ಮೊದಲನೆಯದರ ಪಾತ್ರ 1997ರಲ್ಲಿ ಬೆಳಕಿಗೆ ಬಂತು. ಈ ಬದಲಾವಣೆ ಗಡ್ಡೆಯ ಕೋಶಗಳಲ್ಲಷ್ಟೇ ಇರುತ್ತದೆ, ಮಕ್ಕಳಿಗೆ ಹರಿಯುವಂಥದ್ದಲ್ಲ.

ಮೊದಲ ಪರೀಕ್ಷೆ ಬೆರಳಿನದು

ಕೆನ್ನೆಯ ಗಂಟನ್ನು ಹೊರಗಿನಿಂದಷ್ಟೇ ಒತ್ತಿ ನೋಡಿದರೆ ಅರ್ಧ ಸಂಗತಿ ತಪ್ಪುತ್ತದೆ. ಅನುಭವಿ ವೈದ್ಯರು ಗ್ಲೌಸ್ ಹಾಕಿದ ಒಂದು ಬೆರಳನ್ನು ಬಾಯಿಯೊಳಗೆ ಕೆನ್ನೆಗೆ ಒತ್ತಿ, ಇನ್ನೊಂದು ಕೈಯ ಬೆರಳುಗಳನ್ನು ಹೊರಗಿನಿಂದ ಇಟ್ಟು, ಗಂಟನ್ನು ಎರಡರ ನಡುವೆ ಹಿಡಿಯುತ್ತಾರೆ. ಆಗ ತಿಳಿಯುವುದು ಹಲವು. ಗಂಟು ಒಳಪದರಕ್ಕೆ ಹತ್ತಿರವೋ ಚರ್ಮಕ್ಕೋ? ಸರಿದಾಡುತ್ತದೆಯೋ, ಆಳದಲ್ಲಿ ಬೇರೂರಿದಂತೆ ಅಂಟಿಕೊಂಡಿದೆಯೋ? ರಬ್ಬರಿನ ಬಿಗಿಯೋ, ನೀರು ತುಂಬಿದ ಮೆದುವೋ? ನಂತರ ರೋಗಿಗೆ ಹಲ್ಲು ಕಚ್ಚಲು ಹೇಳುತ್ತಾರೆ. ಅಗಿಯುವ ಸ್ನಾಯು ಬಿಗಿಯಾದಾಗ ಗಂಟು ಮರೆಯಾದರೆ ಅದು ಸ್ನಾಯುವಿನ ಒಳಗೋ ಹಿಂದೆಯೋ ಇರಬಹುದು. ಪರೋಟಿಡ್ ಅನ್ನು ಹಿಂದಿನಿಂದ ಮುಂದಕ್ಕೆ ಒತ್ತಿ, ಸ್ಟೆನ್ಸನ್ ನಾಳದ ಬಾಯಿಯಿಂದ ತಿಳಿಯಾದ ಜೊಲ್ಲು ಬರುತ್ತಿದೆಯೋ, ಕೀವು ಬರುತ್ತಿದೆಯೋ ಎಂದು ನೋಡುತ್ತಾರೆ. ಊಟದ ಹೊತ್ತಿಗೆ ಊದಿ ಆಮೇಲೆ ಇಳಿಯುವ ಊತವಾದರೆ ನಾಳದಲ್ಲಿ ಕಲ್ಲು ಸಿಕ್ಕಿರುವ ಸಾಧ್ಯತೆ ಹೆಚ್ಚು.

ಸೌಮ್ಯ ಗಡ್ಡೆಯ ಚಿತ್ರ ಸಾಮಾನ್ಯವಾಗಿ ಹೀಗಿರುತ್ತದೆ: ವರ್ಷಗಳಿಂದ ನಿಧಾನವಾಗಿ ಬೆಳೆದ, ನೋವಿಲ್ಲದ, ಬಿಗಿಯಾದ, ಸರಿದಾಡುವ ಗಂಟು, ಮೇಲಿನ ಒಳಪದರ ನುಣುಪಾಗಿ, ಮಾಮೂಲಿ ಬಣ್ಣದಲ್ಲೇ ಇರುತ್ತದೆ. ನಮ್ಮಲ್ಲಿ ಹೆಚ್ಚು ಕಾಣುವ ಕೆನ್ನೆಯ ಕ್ಯಾನ್ಸರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಅಡಿಕೆ, ತಂಬಾಕಿನಿಂದ ಬರುವ ಕ್ಯಾನ್ಸರ್ ಹುಟ್ಟುವುದು ಒಳಪದರದಲ್ಲೇ. ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಗಡುಸಾದ ಅಂಚು, ಬಾಯಿ ತೆರೆಯಲಾಗದ ಬಿಗಿತ ಅದರ ಗುರುತುಗಳು. ಜೊಲ್ಲುಗ್ರಂಥಿಯ ಗಡ್ಡೆ ಪದರದ ಕೆಳಗೆ ಹುಟ್ಟಿ ಅದನ್ನು ಮೇಲಕ್ಕೆ ಉಬ್ಬಿಸುತ್ತದೆ. ಹಾಗೆಂದು ಅಡಿಕೆ ಜಗಿಯುವವರ ಬಾಯಲ್ಲಿ ಎರಡೂ ಒಟ್ಟಿಗೆ ಇರಬಾರದೆಂದೇನಿಲ್ಲ. ಪೂರ್ತಿ ಬಾಯಿಯನ್ನು ನೋಡಲೇಬೇಕು.

ನೋವು, ಜೋಮು, ಮುಖದ ಒಂದು ಭಾಗದ ದೌರ್ಬಲ್ಯ, ಕೆಲವೇ ವಾರಗಳಲ್ಲಿ ಹೆಚ್ಚಿದ ಗಾತ್ರ, ಅಂಟಿಕೊಂಡ ಗಂಟು, ಕುತ್ತಿಗೆಯಲ್ಲಿ ಗಡುಸಾದ ದುಗ್ಧಗ್ರಂಥಿ — ಇವುಗಳಲ್ಲಿ ಒಂದೇ ಒಂದು ಇದ್ದರೂ ತಡಮಾಡಬಾರದು. ಇವು ಯಾವುವೂ ಇಲ್ಲವೆಂದರೆ ಆತಂಕ ಕಡಿಮೆ, ಅಷ್ಟೇ. ಪರೀಕ್ಷೆ ಬೇಡವೆಂದು ಅರ್ಥವಲ್ಲ.

ಸ್ಕ್ಯಾನ್‌ಗಳು ಏನು ಹೇಳುತ್ತವೆ?

ಬೆರಳಿನ ನಂತರ ಅಲ್ಟ್ರಾಸೌಂಡ್. ಅಗ್ಗ, ನೋವಿಲ್ಲ, ವಿಕಿರಣವಿಲ್ಲ, ತಾಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಗಂಟು ನೀರು ತುಂಬಿದ್ದೋ ಗಟ್ಟಿಯೋ, ಒಂದೋ ಹಲವೋ, ರಕ್ತ ಎಷ್ಟು ಹರಿಯುತ್ತಿದೆ ಎಂಬುದು ಇದರಲ್ಲೇ ತಿಳಿಯುತ್ತದೆ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ನೋಡದೆ ಕೆನ್ನೆಯ ಗಂಟಿಗೆ ಕತ್ತರಿ ಹಾಕಬಾರದು, ಏಕೆಂದರೆ ರಕ್ತನಾಳದ ಗಂಟುಗಳೂ ಇಲ್ಲಿ ಸಾಮಾನ್ಯ. ಅವುಗಳನ್ನು ತಿಳಿಯದೆ ಕೊಯ್ದರೆ ರಕ್ತ ನಿಲ್ಲಿಸುವುದು ಕಷ್ಟ. ಒಳಗೆ ಸಣ್ಣ ಸುಣ್ಣದ ಕಲ್ಲುಗಳು ಕಂಡರೆ ಅದೂ ರಕ್ತನಾಳದ ಗಂಟಿನ ಸುಳಿವು. ನಮ್ಮ ದೇಶದಲ್ಲಿ ನೆನಪಿಡಬೇಕಾದ ಇನ್ನೊಂದು ಸಾಧ್ಯತೆ ಸಿಸ್ಟಿಸರ್ಕೋಸಿಸ್. ಲಾಡಿಹುಳುವಿನ ಮರಿ ಸ್ನಾಯುವಿನಲ್ಲಿ ನೆಲೆಸಿ ಆದ ಈ ಗುಳ್ಳೆಯೊಳಗೆ ಹುಳುವಿನ ತಲೆ ಚುಕ್ಕೆಯಂತೆ ಕಾಣಬಹುದು. ಅದಕ್ಕೆ ಚಿಕಿತ್ಸೆಯ ದಾರಿಯೇ ಬೇರೆ.

ಗಂಟು ಆಳದಲ್ಲಿದ್ದರೆ, ದೊಡ್ಡದಾಗಿದ್ದರೆ, ಅಥವಾ ಕ್ಯಾನ್ಸರಿನ ಶಂಕೆಯಿದ್ದರೆ ಎಂಆರ್‌ಐ. ಪ್ಲಿಯೋಮಾರ್ಫಿಕ್ ಅಡಿನೋಮಾದ ಲೋಳೆಯಂಥ ಅಂಗಾಂಶ ಟಿ2 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಉಬ್ಬುತಗ್ಗಿನ ಅಂಚು, ಸುತ್ತ ಕಪ್ಪು ಗೆರೆಯ ಹೊದಿಕೆ ಅದರ ಗುರುತು. ಅಂಚು ಕಲಸಿದಂತಿದ್ದು ಸ್ನಾಯುವಿನೊಳಗೆ ನುಗ್ಗಿದ್ದರೆ, ನರದ ಜಾಡಿನಲ್ಲಿ ದಪ್ಪವಾಗಿದ್ದರೆ ಎಚ್ಚರ. ಸಿಟಿ ಸ್ಕ್ಯಾನ್ ಮೂಳೆ ಮತ್ತು ಕಲ್ಲುಗಳನ್ನು ಚೆನ್ನಾಗಿ ತೋರಿಸುತ್ತದೆ. ಬಾಯಿ ಮುಚ್ಚಿದಾಗ ಕೆನ್ನೆಯೂ ವಸಡೂ ಒಂದಕ್ಕೊಂದು ಅಂಟಿಕೊಂಡು ಗಂಟು ಎಲ್ಲಿಯದೆಂದು ತಿಳಿಯುವುದಿಲ್ಲ. ರೋಗಿ ಕೆನ್ನೆ ಉಬ್ಬಿಸಿ ಗಾಳಿ ಹಿಡಿದುಕೊಂಡಾಗ ಸಿಟಿ ತೆಗೆದರೆ ಎರಡೂ ಬೇರೆಯಾಗಿ ಕಾಣುತ್ತವೆ. ಒಂದು ಪೈಸೆ ಖರ್ಚಿಲ್ಲದ ಈ ಸರಳ ಉಪಾಯವನ್ನು ಕೆನ್ನೆಯ ಸಿಟಿ ಮಾಡುವವರು ಪಾಲಿಸಬೇಕು.

ಆದರೆ ಯಾವ ಸ್ಕ್ಯಾನೂ ಗಡ್ಡೆಯ ಹೆಸರನ್ನು ಖಚಿತವಾಗಿ ಹೇಳುವುದಿಲ್ಲ. ಎಲ್ಲಿದೆ, ಎಷ್ಟಿದೆ, ಏನನ್ನು ಮುಟ್ಟಿದೆ ಎಂಬುದಷ್ಟೇ ಅದರ ಹೊಣೆ.

ಸೂಜಿ ಪರೀಕ್ಷೆಯ ಬಲ ಮತ್ತು ಮಿತಿ

ಎಫ್‌ಎನ್‌ಎಸಿ ಎಂದು ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲಿರುವ ಸೂಜಿ ಪರೀಕ್ಷೆಯ ಬೇರು 1930ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ ಪ್ರಕಟಿಸಿದ ವರದಿಯಲ್ಲಿದೆ. ಸ್ವೀಡನ್ನಿನ ವೈದ್ಯರು ಅದನ್ನು ತೆಳು ಸೂಜಿಗೆ ಒಗ್ಗಿಸಿ ಬೆಳೆಸಿದರು. ಸಣ್ಣ ಸೂಜಿಯಿಂದ ಕೋಶಗಳನ್ನು ಹೀರಿ, ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ ನೋಡುವ ವಿಧಾನ ಇದು.

ಪ್ಲಿಯೋಮಾರ್ಫಿಕ್ ಅಡಿನೋಮಾದ ಸ್ಲೈಡನ್ನು ಗೀಮ್ಸಾ ಬಣ್ಣದಲ್ಲಿ ನೋಡಿದರೆ ಗಾಢ ನೇರಳೆಗೆಂಪಿನ, ಎಳೆಎಳೆಯಾದ ವಸ್ತು ಹರಡಿರುತ್ತದೆ. ಅದರೊಳಗೆ ಹೂತುಕೊಂಡಂತೆ ಒಂದೇ ತೆರನಾದ ಕೋಶಗಳು; ಅಂಚು ಕಲಸಿದಂತಿದ್ದು, ಕೋಶ ಎಲ್ಲಿ ಮುಗಿಯಿತು, ಎಳೆ ಎಲ್ಲಿ ಶುರುವಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರಿನಲ್ಲೂ ಅದೇ ಬಣ್ಣದ ವಸ್ತು ಕಾಣುತ್ತದೆ, ಆದರೆ ಅಲ್ಲಿ ಅದು ಚೂಪಾದ ಅಂಚಿನ, ಎಳೆಯಿಲ್ಲದ ನುಣುಪು ಗೋಲಗಳಾಗಿರುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸುವ ಕಣ್ಣಿನ ಮೇಲೆ ಒಬ್ಬ ರೋಗಿಯ ಚಿಕಿತ್ಸೆ ನಿಂತಿರುತ್ತದೆ. ಎಳೆಗಳೇ ಇಲ್ಲದೆ ಬರೀ ಕೋಶಗಳು ಬಂದಾಗ ಸೌಮ್ಯ ಬೇಸಲ್ ಸೆಲ್ ಅಡಿನೋಮಾ, ಮಯೋಎಪಿಥೀಲಿಯೋಮಾಗಳನ್ನು ಕ್ಯಾನ್ಸರಿನಿಂದ ಬೇರ್ಪಡಿಸುವುದು ಹಲವು ಬಾರಿ ಅಸಾಧ್ಯ.

ಈ ಅನಿಶ್ಚಿತತೆಯನ್ನು ಮುಚ್ಚಿಡದೆ ಹೇಳುವ ಭಾಷೆಯೊಂದು ಬೇಕಿತ್ತು. 2015ರಲ್ಲಿ ಶುರುವಾದ ಚರ್ಚೆಯ ಫಲವಾಗಿ 2018ರಲ್ಲಿ ಬಂದ ಮಿಲಾನ್ ಪದ್ಧತಿ ಅದನ್ನು ಕೊಟ್ಟಿತು. ಅದರಲ್ಲಿ ಪ್ರತಿ ವರದಿಯೂ ಒಂದು ನಿಗದಿತ ವರ್ಗಕ್ಕೆ ಸೇರಬೇಕು. ಪ್ರತಿ ವರ್ಗಕ್ಕೂ ಕ್ಯಾನ್ಸರಿನ ಸಂಭವ ಎಷ್ಟೆಂಬ ಅಂದಾಜು ಇದೆ. ಮೊದಲ ಆವೃತ್ತಿಯ ಪ್ರಕಾರ ‘ಸೌಮ್ಯ ಗಡ್ಡೆ’ ಎಂಬ ವರದಿಯಲ್ಲಿ ಅದು ಶೇ 5ಕ್ಕಿಂತ ಕಡಿಮೆ. ‘ಗಡ್ಡೆ ಹೌದು, ಸ್ವಭಾವ ಅನಿಶ್ಚಿತ’ ಎಂಬ ವರದಿಯಲ್ಲಿ ಶೇ 35ರಷ್ಟು. ‘ಕೋಶಗಳು ಸಾಲದು’ ಎಂಬ ವರದಿಯಲ್ಲೂ ಶೇ 25ರಷ್ಟು. ಕೊನೆಯ ಅಂಕಿಯನ್ನು ಎಲ್ಲರೂ ಗಮನಿಸಬೇಕು. ಸೂಜಿಯಲ್ಲಿ ಏನೂ ಬರಲಿಲ್ಲವೆಂದರೆ ಏನೂ ಇಲ್ಲವೆಂದಲ್ಲ. ಪರೀಕ್ಷೆ ಮತ್ತೆ ಆಗಬೇಕೆಂದು.

ಚೂರು ತೆಗೆಯುವುದೋ, ಪೂರ್ತಿಯೋ?

ಬಯಾಪ್ಸಿಯ ವಿಷಯದಲ್ಲಿ ತಜ್ಞರಲ್ಲಿ ಹಳೆಯ ಚರ್ಚೆಯಿದೆ. ಅಂಗುಳದ ಗಡ್ಡೆಗೆ ಮೊದಲು ಒಂದು ಚೂರು ತೆಗೆದು ನೋಡುವುದು ವಾಡಿಕೆ, ಏಕೆಂದರೆ ಅಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಹೆಸರು ಖಚಿತವಾಗಬೇಕು. ಕೆನ್ನೆಯಲ್ಲಿ ಸಡಿಲ ಅಂಗಾಂಶದ ನಡುವೆ ಸರಿದಾಡುವ ಸಣ್ಣ ಗಂಟಿಗೆ ಈ ನಿಯಮ ಸರಿಹೊಂದದು. ಹೊದಿಕೆಯನ್ನು ಸೀಳಿ ಚೂರು ತೆಗೆದರೆ ಲೋಳೆಯಂಥ ಗಡ್ಡೆಯ ಕೋಶಗಳು ಸುತ್ತ ಚೆಲ್ಲುತ್ತವೆ. ಚೆಲ್ಲಿದ್ದು ವರ್ಷಗಳ ನಂತರ ಹಲವು ಗಂಟುಗಳಾಗಿ ಮರಳಬಹುದು. ಜೊತೆಗೆ, ಒಂದು ಚೂರು ಇಡೀ ಗಡ್ಡೆಯನ್ನು ಪ್ರತಿನಿಧಿಸುವುದಿಲ್ಲ. ಹೀಗಾಗಿ ಸ್ಕ್ಯಾನ್ ಮತ್ತು ಸೂಜಿ ಪರೀಕ್ಷೆ ಸೌಮ್ಯದ ಕಡೆಗಿದ್ದರೆ, ಸುತ್ತ ತೆಳುವಾದ ಮಾಮೂಲಿ ಅಂಗಾಂಶದ ಪಟ್ಟಿಯೊಡನೆ ಗಂಟನ್ನು ಇಡಿಯಾಗಿ ತೆಗೆಯುವುದೇ ಚಿಕಿತ್ಸೆಯೂ ಹೌದು, ಅಂತಿಮ ಬಯಾಪ್ಸಿಯೂ ಹೌದು. ಸ್ಕ್ಯಾನ್ ಅಥವಾ ಸೂಜಿ ಕ್ಯಾನ್ಸರಿನ ಕಡೆ ಬೊಟ್ಟು ಮಾಡಿದರೆ ಮಾತ್ರ ಮೊದಲು ದಪ್ಪ ಸೂಜಿಯ ಕೋರ್ ಬಯಾಪ್ಸಿಯೋ ಚೂರು ಬಯಾಪ್ಸಿಯೋ ಮಾಡಿ, ಚಿಕಿತ್ಸೆಯನ್ನು ಯೋಜಿಸಬೇಕು.

ಉಪಗ್ರಂಥಿಯ ಗಡ್ಡೆಯಾದರೆ ಕೆನ್ನೆಯ ಚರ್ಮದ ಮೇಲೆ ನೇರವಾಗಿ ಕೊಯ್ಯುವುದು ಅಪಾಯ. ಮುಖದ ನರದ ಎಳೆಗಳೂ ಸ್ಟೆನ್ಸನ್ ನಾಳವೂ ಅಲ್ಲೇ ಹಾದುಹೋಗುತ್ತವೆ. ಅದಕ್ಕೆ ಪರೋಟಿಡ್ ಶಸ್ತ್ರಚಿಕಿತ್ಸೆಯ ಅನುಭವವಿರುವವರೇ ಬೇಕು.

ಕೊನೆಯ ಮಾತು ಸೂಕ್ಷ್ಮದರ್ಶಕದ್ದು

ತೆಗೆದ ಗಡ್ಡೆ ಫಾರ್ಮಲಿನ್ ಡಬ್ಬಿಯಲ್ಲಿ ಪ್ರಯೋಗಾಲಯ ಸೇರುತ್ತದೆ. ರೋಗಶಾಸ್ತ್ರಜ್ಞರು ಹೊರ ಅಂಚಿಗೆ ಬಣ್ಣ ಬಳಿದು, ಗಡ್ಡೆಯನ್ನು ಹೋಳುಮಾಡುತ್ತಾರೆ. ಪ್ಲಿಯೋಮಾರ್ಫಿಕ್ ಅಡಿನೋಮಾದ ಹೋಳು ಬಿಳಿ, ತುಸು ಹಳದಿ. ಅಲ್ಲಲ್ಲಿ ಲೋಳೆಯ ಜಾರು, ಅಲ್ಲಲ್ಲಿ ಮೃದ್ವಸ್ಥಿಯ ನೀಲಿಛಾಯೆಯ ಹೊಳಪು. ಸೂಕ್ಷ್ಮದರ್ಶಕದಲ್ಲಿ ನಾಳದ ಕೋಶಗಳು, ಮಯೋಎಪಿಥೀಲಿಯಲ್ ಕೋಶಗಳು, ಲೋಳೆ ಮತ್ತು ಮೃದ್ವಸ್ಥಿಯಂಥ ಭಾಗಗಳು ಒಂದೇ ಗಡ್ಡೆಯೊಳಗೆ ಬೆರೆತಿರುತ್ತವೆ.

ಎಡವುವ ಜಾಗಗಳು ಇಲ್ಲೂ ಇವೆ. ಕಿರು ಗ್ರಂಥಿಯ ಪ್ಲಿಯೋಮಾರ್ಫಿಕ್ ಅಡಿನೋಮಾಗೆ ಪೂರ್ಣ ಹೊದಿಕೆ ಇರದಿರುವುದು ಸಾಮಾನ್ಯ. ಅದನ್ನು ಕಂಡು ಕ್ಯಾನ್ಸರ್ ನುಗ್ಗಿದೆ ಎಂದು ಭ್ರಮಿಸಬಾರದು. ಸೂಜಿ ಪರೀಕ್ಷೆಯ ನಂತರ ಗಡ್ಡೆಯ ಒಳಗೆ ಕೊಳೆತ ಭಾಗ, ಚರ್ಮದಂಥ ಕೋಶಗಳ ಬದಲಾವಣೆ ಕಾಣಬಹುದು. ಸೂಜಿ ಹಾಕಿದ್ದು ತಿಳಿಯದಿದ್ದರೆ ಅದೇ ಕ್ಯಾನ್ಸರಿನಂತೆ ಕಾಣುತ್ತದೆ. ಕೆನಾಲಿಕ್ಯುಲರ್ ಅಡಿನೋಮಾ ಒಂದೇ ಬಾರಿಗೆ ಹಲವು ಕಡೆ ಹುಟ್ಟಬಲ್ಲದು. ಅದೂ ಹರಡಿದ ರೋಗವಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಪಾಲಿಮಾರ್ಫಸ್ ಅಡಿನೋಕಾರ್ಸಿನೋಮಾ ಎಂಬ ಕ್ಯಾನ್ಸರಿನ ಕೋಶಗಳು ನೋಡಲು ಎಷ್ಟು ಸೌಮ್ಯವೆಂದರೆ, ಸಣ್ಣ ಚೂರಿನಲ್ಲಿ ಅದನ್ನು ಸಾದಾ ಗಡ್ಡೆಯೆಂದೇ ಓದಿಬಿಡುವ ಅಪಾಯವಿದೆ. ಅದರ ಗುಟ್ಟು ಕೋಶದ ರೂಪದಲ್ಲಲ್ಲ, ಅಂಚಿನಲ್ಲಿ: ಸುತ್ತಲ ಅಂಗಾಂಶಕ್ಕೆ, ನರದ ಸುತ್ತ ಅದು ನುಗ್ಗಿರುತ್ತದೆ. ಅಂಚು ಕಾಣಬೇಕಾದರೆ ಇಡೀ ಗಡ್ಡೆ ಸಿಗಬೇಕು.

ಸಂದೇಹ ಉಳಿದರೆ ಕೋಶಗಳ ಪ್ರೋಟೀನುಗಳನ್ನು ಗುರುತಿಸುವ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಮತ್ತು ಜೀನ್ ಪರೀಕ್ಷೆಗಳಿವೆ. ಮ್ಯೂಕೋಎಪಿಡರ್ಮಾಯ್ಡ್‌ನಲ್ಲಿ ಎಂಎಎಂಎಲ್2, ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಎಂವೈಬಿ, 2010ರಲ್ಲಿ ಗುರುತಿಸಲಾದ ಸೆಕ್ರೆಟರಿ ಕಾರ್ಸಿನೋಮಾದಲ್ಲಿ ಇಟಿವಿ6 ಜೀನಿನ ಬದಲಾವಣೆ ದಾರಿ ತೋರಿಸುತ್ತವೆ. ಇವು ದುಬಾರಿ, ಎಲ್ಲರಿಗೂ ಬೇಕಾಗುವುದಿಲ್ಲ. ಗಡ್ಡೆಯನ್ನು ಸರಿಯಾಗಿ ತೆಗೆದು, ಸರಿಯಾಗಿ ಹೋಳುಮಾಡಿ ನೋಡಿದರೆ ಬಹುಪಾಲು ಪ್ರಕರಣಗಳು ಸಾಮಾನ್ಯ ಬಣ್ಣದಲ್ಲೇ ಇತ್ಯರ್ಥವಾಗುತ್ತವೆ.

ತಡಮಾಡಿದರೆ ಏನು?

ಸೌಮ್ಯವೆಂದಾದ ಮೇಲೆ ತೆಗೆಯಲೇಬೇಕೆ ಎಂದು ಹಲವರು ಕೇಳುತ್ತಾರೆ. ಪ್ಲಿಯೋಮಾರ್ಫಿಕ್ ಅಡಿನೋಮಾ ತಾನಾಗಿ ಕರಗುವುದಿಲ್ಲ. ವ್ಯಾಪಕವಾಗಿ ಒಪ್ಪಿರುವ ಅಂದಾಜಿನಂತೆ ಮೊದಲ ಐದು ವರ್ಷಗಳಲ್ಲಿ ಅದು ಕ್ಯಾನ್ಸರಾಗಿ ಬದಲಾಗುವ ಸಂಭವ ಶೇ 1.5ರಷ್ಟು, ಹದಿನೈದು ವರ್ಷ ದಾಟಿದರೆ ಶೇ 10ರ ಹತ್ತಿರ. ಮಾತ್ರೆ, ಲೇಪ, ಶಾಖಗಳಿಂದ ಅದು ಹೋಗುವುದಿಲ್ಲ. ಇಡಿಯಾಗಿ ತೆಗೆದರೆ ಬಾಯಿಯೊಳಗಿನ ಗಡ್ಡೆ ಮರಳುವುದು ತೀರ ಕಡಿಮೆ. ಹಿಂದೆ ಪರೋಟಿಡ್‌ನಲ್ಲಿ ಹೊದಿಕೆಯೊಳಗಿನ ತಿರುಳನ್ನಷ್ಟೇ ಬಗೆದು ತೆಗೆಯುತ್ತಿದ್ದ ಕಾಲದಲ್ಲಿ ಶೇ 20ಕ್ಕೂ ಹೆಚ್ಚು ಗಡ್ಡೆಗಳು ಮರಳುತ್ತಿದ್ದವು. ಆ ಪಾಠವನ್ನು ಕೆನ್ನೆಯಲ್ಲಿ ಮತ್ತೆ ಕಲಿಯುವ ಅಗತ್ಯವಿಲ್ಲ.

ನಮ್ಮ ನೆಲದಲ್ಲಿ

ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಬಾಯಿ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೂ ಅಡಿಕೆ, ತಂಬಾಕು ಜಗಿಯುವುದು ನಿಂತಿಲ್ಲ. ಈ ಹೊರೆಯ ನಡುವೆ ಅಪರೂಪದ ಸೌಮ್ಯ ಗಡ್ಡೆ ಗಮನಕ್ಕೆ ಬಾರದೆ ಹೋಗುವುದು ಸಹಜ. ಆದರೆ ಅದನ್ನು ಗುರುತಿಸಲು ಬೇಕಾದದ್ದು ನಮ್ಮಲ್ಲಿದೆ. ಬಾಯಿಯ ರೋಗಶಾಸ್ತ್ರವೆಂಬ ಪ್ರತ್ಯೇಕ ವಿಭಾಗ ನಮ್ಮ ದಂತವೈದ್ಯಕೀಯ ಕಾಲೇಜುಗಳಲ್ಲಿದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಕಿದ್ವಾಯಿ ಸಂಸ್ಥೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಸಾಧ್ಯ. ಕೊರತೆಯಿರುವುದು ಕ್ರಮದಲ್ಲಿ: ಬೆರಳು, ಅಲ್ಟ್ರಾಸೌಂಡ್, ಸೂಜಿ, ಬೇಕಿದ್ದರೆ ಎಂಆರ್‌ಐ, ಆಮೇಲೆ ಇಡಿಯಾದ ಶಸ್ತ್ರಚಿಕಿತ್ಸೆ, ಕೊನೆಗೆ ಸೂಕ್ಷ್ಮದರ್ಶಕ. ಕತ್ತರಿ ಮೊದಲು ಬಂದು ಪರೀಕ್ಷೆ ಆಮೇಲೆ ಬಂದಲ್ಲಿ ಸೌಮ್ಯ ಗಡ್ಡೆಯೂ ತೊಂದರೆ ಕೊಡುತ್ತದೆ.

ಓದುಗರಲ್ಲಿ ಒಂದು ವಿನಂತಿ. ಕೆನ್ನೆಯ ಗಂಟು ಎರಡು ವಾರದಲ್ಲಿ ಹೋಗದಿದ್ದರೆ ದಂತವೈದ್ಯರಿಗೋ ಕಿವಿ-ಮೂಗು-ಗಂಟಲು ತಜ್ಞರಿಗೋ ತೋರಿಸಿ. ಕೊಯ್ಯುವ ಮೊದಲು ‘ಸ್ಕ್ಯಾನ್ ಆಯಿತೇ, ಸೂಜಿ ಪರೀಕ್ಷೆ ಬೇಕೇ?’ ಎಂದು ಕೇಳಿ. ತೆಗೆದ ಗಂಟು ಎಷ್ಟೇ ಸಣ್ಣದಿರಲಿ, ಪರೀಕ್ಷೆಗೆ ಕಳಿಸುವಂತೆ ಒತ್ತಾಯಿಸಿ. ವರದಿಯನ್ನು ಜೋಪಾನ ಮಾಡಿ. ಸ್ಲೈಡು, ಬ್ಲಾಕ್‌ಗಳು ಯಾವ ಪ್ರಯೋಗಾಲಯದಲ್ಲಿವೆ ಎಂದು ಬರೆದಿಟ್ಟುಕೊಳ್ಳಿ, ಏಕೆಂದರೆ ಹತ್ತು ವರ್ಷದ ನಂತರ ಮತ್ತೊಂದು ಗಂಟು ಬಂದರೆ ವೈದ್ಯರು ಮೊದಲು ಕೇಳುವುದು ಅವನ್ನೇ. ‘ಸಾದಾ ಗಡ್ಡೆ’ ಎಂಬ ಮಾತನ್ನು ಆ ವರದಿ ಕೈಗೆ ಬಂದ ಮೇಲಷ್ಟೇ ನಂಬಿ.